ಕಳೆದುಹೋದದ್ದಕ್ಕೆ ಮರುಗುವುದರಿಂದ ಮನುಷ್ಯ ನಿಜವಾಗಲೂ ಬದಲಾಗುತ್ತಾನಾ?

ಬಯಲುಸೀಮೆ_ಹುಡುಗ:

ನಮಸ್ಕಾರ ಎಲ್ಲರಿಗೂ. ವಿಷಯ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮದು ದೇವನಹಳ್ಳಿ ಕಡೆ. ವಿಮಾನ ನಿಲ್ದಾಣ ಬರುವ ಮುಂಚೆ ಅಲ್ಲಿ ಏನಿತ್ತು ಅಂತ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ರಾಗಿ ಹೊಲ, ದ್ರಾಕ್ಷಿ ಚಪ್ಪರ, ಚಕ್ಕೋತ, ಹಿಪ್ಪುನೇರಳೆ, ಅಷ್ಟೇ. 1998ರಲ್ಲಿ ನಮ್ಮಪ್ಪ ಎರಡು ಎಕರೆ ಖುಷ್ಕಿ ಜಮೀನು ಮಾರಿದರು. ಕೊರೆಸಿದ ಬೋರ್‌ವೆಲ್‌ನಲ್ಲಿ ನೀರು ಬರದೆ ಕೈಸಾಲ ಬೆಳೆದಿತ್ತು, ಅಕ್ಕನ ಮದುವೆ ಬೇರೆ ಗೊತ್ತಾಗಿತ್ತು. ಮಾರಿದ ದುಡ್ಡಲ್ಲಿ ಮದುವೆ ಆಯ್ತು, ಸಾಲ ತೀರಿತು, ಮಿಕ್ಕಿದ್ದರಲ್ಲಿ ನನ್ನ ಡಿಪ್ಲೊಮಾ ಫೀಸ್ ಕಟ್ಟಿದರು. 2005ರಲ್ಲಿ ನಿಲ್ದಾಣದ ಕೆಲಸ ಶುರುವಾಯಿತು. 2008ರ ಮೇ ತಿಂಗಳಲ್ಲಿ ವಿಮಾನ ಹಾರಿತು. ಆಮೇಲೆ ರೇಟು ಏನಾಯ್ತು ಅಂತ ನಿಮಗೇ ಗೊತ್ತು.

ಅವತ್ತಿನಿಂದ ಅಪ್ಪನದು ಒಂದೇ ರಾಗ. "ಮಾರಬಾರ್ದಾಗಿತ್ತು ಕಣೋ." ಕೈಬರಹದ ಹಳೇ ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಾರೆ. ನೆಂಟರು ಬಂದರೆ ಕಾಫಿ ಮುಗಿಯುವ ಹೊತ್ತಿಗೆ ಅದು ಹೊರಗೆ ಬಂದಿರುತ್ತದೆ. ಸರ್ವೆ ನಂಬರು, ಚಕ್ಕುಬಂದಿ ಎಲ್ಲ ಬಾಯಿಪಾಠ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಬಂಡಿದಾರಿ, ಎಲ್ಲ ಹೇಳುತ್ತಾರೆ. ಏರ್‌ಪೋರ್ಟ್ ರೋಡಲ್ಲಿ ಸಾದಹಳ್ಳಿ ಟೋಲ್ ದಾಟಿದರೆ ಕಾರಿನಲ್ಲಿ ಯಾರೂ ಉಸಿರೆತ್ತುವುದಿಲ್ಲ, ಯಾಕಂದ್ರೆ ಮುಂದೆ ಏನು ಬರುತ್ತದೆ ಅಂತ ಮಕ್ಕಳಿಗೂ ಗೊತ್ತು. ಸರಿಯಾಗಿ ಒಂದು ಅಪಾರ್ಟ್‌ಮೆಂಟಿನ ಗೇಟ್ ಬಂದಾಗ ಅಪ್ಪ ಕಿಟಕಿ ಇಳಿಸಿ "ಇಲ್ಲೇ ನಮ್ ಹುಣಸೆಮರ ಇದ್ದಿದ್ದು" ಅನ್ನುತ್ತಾರೆ.

ಪಶ್ಚಾತ್ತಾಪ ಮನುಷ್ಯನನ್ನು ಪಕ್ವ ಮಾಡುತ್ತದೆ, ತಪ್ಪಿನಿಂದ ಕಲಿಯುತ್ತಾನೆ ಅಂತ ಶಾಲೆಯಿಂದ ಕೇಳಿಕೊಂಡು ಬಂದಿದ್ದೇವೆ. ನಮ್ಮ ಮನೆಯಲ್ಲಿ ನಾನು ಕಂಡಿದ್ದು ಬೇರೆ. ಅಪ್ಪ ಏನೂ ಕಲಿತ ಹಾಗೆ ಕಾಣುವುದಿಲ್ಲ, ಬರೀ ನೊಂದುಕೊಂಡಿದ್ದಾರೆ. ಇನ್ನೊಂದು ವಿಷಯ ಅಂದ್ರೆ ಅದು ನನಗೂ ಅಂಟಿದೆ. ಫ್ಲ್ಯಾಟ್ ನೋಡಿ, ಒಪ್ಪಿ, ಅಡ್ವಾನ್ಸ್ ಕೊಡುವ ದಿನ ಹಿಂದೆ ಸರಿಯುತ್ತೇನೆ. ನಾಳೆ ನಾನೂ ಹೀಗೇ ಕೂತು ಕೊರಗಿದರೆ ಅನ್ನೋ ಭಯ. ಹೆಂಡತಿಗೆ ಸಾಕಾಗಿಹೋಗಿದೆ.

ಈ ಮರುಗುವಿಕೆಯಿಂದ ಯಾರಿಗಾದರೂ ನಿಜವಾಗಲೂ ಏನಾದರೂ ಒಳ್ಳೆಯದಾಗಿದೆಯಾ? ಪುಸ್ತಕದ ಮಾತು ಬೇಡ, ಕಂಡಿದ್ದು ಹೇಳಿ.

---

ಲೆಕ್ಕಪತ್ರ:

ಗುರುವೇ, ಮೊದಲು ಒಂದು ವಿಷಯ ಸರಿ ಮಾಡೋಣ. ನಿಮ್ಮಪ್ಪ ಮಾಡಿದ್ದು ತಪ್ಪೇ ಅಲ್ಲ. ಅಂದಮೇಲೆ ಅದರಿಂದ ಪಾಠ ಕಲಿಯುವ ಮಾತು ಎಲ್ಲಿಂದ ಬಂತು?

ಕೈಸಾಲ ಅಂದಿರಿ. ಹಳ್ಳಿ ಕಡೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಆಗ ದೊಡ್ಡ ವಿಷಯವೇ ಆಗಿರಲಿಲ್ಲ. ಅಂದರೆ ವರ್ಷಕ್ಕೆ 36. ಒಂದು ಲಕ್ಷ ಸಾಲ 1998ರಲ್ಲಿ ತೀರಿಸದೆ ಬಿಟ್ಟಿದ್ದರೆ, ಬಡ್ಡಿಗೆ ಬಡ್ಡಿ ಹಾಕದಿದ್ದರೂ, 2008ಕ್ಕೆ 4 ಲಕ್ಷ 60 ಸಾವಿರ. ಅಷ್ಟು ವರ್ಷ ಸಾಲ ಕೊಟ್ಟವನು ಸುಮ್ನೆ ಕೂತಿರುತ್ತಿದ್ದನಾ? ಜಮೀನು ಆಗಲೂ ಹೋಗುತ್ತಿತ್ತು, ಇನ್ನೂ ಕಡಿಮೆಗೆ. ಜೊತೆಗೆ ನಿಲ್ದಾಣಕ್ಕೇ ಸುಮಾರು 4,000 ಎಕರೆ ಹೋಗಿದೆ. ನಿಮ್ಮ ಎರಡು ಎಕರೆ ಆ ಗೆರೆಯ ಒಳಗೆ ಬಿದ್ದಿದ್ದರೆ ಪರಿಹಾರ ಸಿಗುತ್ತಿತ್ತೇ ಹೊರತು ಈಗಿನ ಮಾರ್ಕೆಟ್ ರೇಟ್ ಸಿಗುತ್ತಿರಲಿಲ್ಲ.

ಇವತ್ತಿನ ರೇಟ್ ಹಿಡಿದುಕೊಂಡು ನಿಮ್ಮಪ್ಪ 1998ರ ತಮ್ಮನ್ನೇ ಬೈಯುತ್ತಿದ್ದಾರೆ. ಆ ಮನುಷ್ಯನ ಕೈಯಲ್ಲಿ ಆಗ ಇದ್ದ ಮಾಹಿತಿ ಏನು? ಒಣಗಿದ ಬೋರ್‌ವೆಲ್, ಸಾಲ, ಮದುವೆಗೆ ಬಂದ ಮಗಳು. ಅಷ್ಟರ ಮೇಲೆ ತೀರ್ಮಾನ ಮಾಡಿದರು. ನಾನಾಗಿದ್ದರೂ ಮಾರುತ್ತಿದ್ದೆ. "ಕೆಟ್ಟ ಮೇಲೆ ಬುದ್ಧಿ ಬಂತು" ಅಂತಾರಲ್ಲ, ಇಲ್ಲಿ ಕೆಟ್ಟಿದ್ದೂ ಇಲ್ಲ, ಬಂದಿದ್ದು ಬುದ್ಧಿಯೂ ಅಲ್ಲ, ಬರೀ ರೇಟು.

---

ಓದುಗೀತೆ:

ಮನಃಶಾಸ್ತ್ರ ಓದಿದವಳು, ಈಗ ಆಪ್ತಸಮಾಲೋಚನೆ ಕೆಲಸ. ಪುಸ್ತಕದ ಮಾತು ಬೇಡ ಅಂದಿರಿ, ಆದರೂ ಸ್ವಲ್ಪ ಹೇಳ್ತೀನಿ, ನಿಮ್ಮ ವಿಷಯಕ್ಕೆ ಹತ್ತಿರ ಇದೆ.

ಥಾಮಸ್ ಗಿಲೊವಿಚ್, ವಿಕ್ಟೋರಿಯಾ ಮೆಡ್ವೆಕ್ ಅಂತ ಇಬ್ಬರು ಅಮೆರಿಕದ ಸಂಶೋಧಕರು 1990ರ ದಶಕದಲ್ಲಿ ಇದನ್ನೇ ಕೆದಕಿದರು. ಅವರಿಗೆ ಕಂಡಿದ್ದು ಇಷ್ಟು: ಮಾಡಿದ ಕೆಲಸದ ಬಗ್ಗೆ ಬೇಜಾರು ಮೊದಮೊದಲು ಜೋರಾಗಿರುತ್ತದೆ, ಬರಬರುತ್ತಾ ಇಳಿಯುತ್ತದೆ. ಮಾಡದೆ ಬಿಟ್ಟ ಕೆಲಸದ ಬೇಜಾರು ವರ್ಷಗಟ್ಟಲೆ ಉಳಿಯುತ್ತದೆ. ಓದಲಿಲ್ಲ, ಹೇಳಲಿಲ್ಲ, ಹೋಗಲಿಲ್ಲ, ಇಂಥವು. ನಿಮ್ಮ ತಂದೆಯವರದು ಉಲ್ಟಾ. ಮಾರಿದ್ದು ಮಾಡಿದ ಕೆಲಸ, ಆದರೂ ಇಳಿದಿಲ್ಲ. ಯಾಕೆ?

ಇದಕ್ಕೆ ಇನ್ನೊಂದು ಪ್ರಯೋಗ ನೆನಪಾಗುತ್ತದೆ. 2004ರಲ್ಲಿ ಫ್ರಾನ್ಸಿನ ಕಡೆಯವರು ಮಾಡಿದ್ದು, 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಜೂಜಿನ ಎರಡು ಚಕ್ರ ತೋರಿಸಿ ಒಂದನ್ನು ಆರಿಸಿಕೊಳ್ಳಲು ಹೇಳುತ್ತಾರೆ. ಕೆಲವೊಮ್ಮೆ ಆರಿಸಿದ ಚಕ್ರದ ಫಲ ಮಾತ್ರ ತೋರಿಸುತ್ತಾರೆ, ಕೆಲವೊಮ್ಮೆ ಬಿಟ್ಟ ಚಕ್ರದ್ದೂ. ಗೆದ್ದವರೂ ಪಕ್ಕದ ಚಕ್ರದಲ್ಲಿ ಜಾಸ್ತಿ ಬಂದಿದ್ದು ನೋಡಿದ ಕೂಡಲೇ ಮುಖ ಸಪ್ಪಗೆ ಮಾಡುತ್ತಾರೆ. ಹಣೆಯ ಹಿಂಭಾಗದಲ್ಲಿ, ಕಣ್ಣಿನ ಮೇಲಿರುವ ಮಿದುಳಿನ ಒಂದು ಭಾಗಕ್ಕೆ ಪೆಟ್ಟು ಬಿದ್ದವರಿಗೆ ಮಾತ್ರ ಹಾಗೆ ಆಗಲಿಲ್ಲ. ಸೋತರೆ ಬೇಜಾರು, ಗೆದ್ದರೆ ಖುಷಿ, ಪಕ್ಕದ ಚಕ್ರ ಏನಾದರೂ ಅವರಿಗೆ ಲೆಕ್ಕವಿಲ್ಲ. ಆರಾಮ ಅಲ್ವಾ? ಆದರೆ ಉಳಿದವರು ಆಡುತ್ತಾ ಆಡುತ್ತಾ ಎಚ್ಚರ ಕಲಿತರು, ಇವರು ಕಲಿಯಲಿಲ್ಲ. ಹಾಗಾಗಿ "ಮರುಗುವುದರಿಂದ ಏನೂ ಆಗಲ್ಲ" ಅನ್ನೋದನ್ನ ನಾನು ಒಪ್ಪುವುದಿಲ್ಲ. ಆ ಚುಚ್ಚು ಇಲ್ಲದಿದ್ದರೆ ನಾವು ಅದೇ ಗುಂಡಿಗೆ ಮತ್ತೆ ಮತ್ತೆ ಬೀಳುತ್ತೇವೆ.

ಆದರೆ ನಿಮ್ಮ ತಂದೆಗೆ ಬಿಟ್ಟ ಚಕ್ರದ ಫಲ ದಿನಾ ಕಾಣಿಸುತ್ತಿದೆ. ರಸ್ತೆ ಬದಿಯ ಬೋರ್ಡಿನಲ್ಲಿ, ಪೇಪರಿನ ಜಾಹೀರಾತಿನಲ್ಲಿ. ಮುಂದಿನ ಆಟ ಮಾತ್ರ ಇಲ್ಲ. ಮಾರಲು ಇನ್ನೊಂದು ಜಮೀನಿಲ್ಲ. ಕಲಿತದ್ದನ್ನು ಬಳಸುವ ಜಾಗವೇ ಇಲ್ಲದಾಗ ಮನಸ್ಸು ಸುಮ್ನೆ ಸುತ್ತುತ್ತದೆ. ಇದು ಜಾಸ್ತಿಯಾದರೆ ಖಿನ್ನತೆಗೆ ದಾರಿ. ಊಟ, ನಿದ್ದೆ ಸರಿ ಇದೆಯಾ? ಇಲ್ಲ ಅಂದ್ರೆ 14416ಗೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

---

ಬಯಲುಸೀಮೆ_ಹುಡುಗ:

ಮೇಡಂ, ಥ್ಯಾಂಕ್ಸ್. ಊಟ ನಿದ್ದೆ ಎಲ್ಲ ಚೆನ್ನಾಗಿದೆ. ಮುದ್ದೆ ಸ್ವಲ್ಪ ಗಟ್ಟಿಯಾದರೆ ಬೈಯುವಷ್ಟು ಶಕ್ತಿಯೂ ಇದೆ. ಪಕ್ಕದ ಚಕ್ರದ ಮಾತು ಮಾತ್ರ ನಾಟಿತು.

---

ಹಾಸನದ_ಗೃಹಿಣಿ:

ಕಂಡಿದ್ದು ಹೇಳಿ ಅಂದಿರಲ್ಲ, ಕಂಡಿದ್ದೇ ಹೇಳುತ್ತೇನೆ.

ನಮ್ಮ ಯಜಮಾನರು ಕುಡಿಯುತ್ತಿದ್ದರು. ಈಗ ಬಿಟ್ಟು ವರ್ಷಗಳಾಗಿವೆ. ಕುಡಿಯುವ ಕಾಲದಲ್ಲಿ ನಮ್ಮ ಮನೆಯಲ್ಲಿ ಪಶ್ಚಾತ್ತಾಪಕ್ಕೇನೂ ಬರ ಇರಲಿಲ್ಲ ನೋಡಿ. ದಿನಾ ಬೆಳಿಗ್ಗೆ ಇತ್ತು. ಎದ್ದ ತಕ್ಷಣ ಅಳು, ಮಕ್ಕಳ ತಲೆ ಮುಟ್ಟಿ ಆಣೆ, ದೇವರ ಫೋಟೋ ಮುಂದೆ ತಪ್ಪಾಯ್ತು. ನಿಜವಾದ ಕಣ್ಣೀರೇ, ನಾಟಕ ಅಲ್ಲ. ಸಂಜೆ ಆರು ಗಂಟೆಗೆ ಎಲ್ಲ ಮರೆತುಹೋಗುತ್ತಿತ್ತು. ಕೊನೆಕೊನೆಗೆ ನನಗೆ ಆ ಬೆಳಗಿನ ಅಳು ಕಂಡರೆ ಸಂಜೆಯ ಬೈಗುಳಕ್ಕಿಂತ ಜಾಸ್ತಿ ಸಿಟ್ಟು ಬರುತ್ತಿತ್ತು. ಅತ್ತು ಹಗುರ ಆಗಿಬಿಡುತ್ತಿದ್ದರು, ಹಗುರವಾದ ಮೇಲೆ ಬದಲಾಗುವ ದರ್ದು ಏನಿದೆ?

ಆಮೇಲೆ ಎ.ಎ. ಸಭೆಗೆ ಹೋಗೋಕೆ ಶುರು ಮಾಡಿದರು. ಆಲ್ಕೋಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರೇ ಸೇರಿ ಶುರು ಮಾಡಿದ್ದಂತೆ. ಅವರದು ಹನ್ನೆರಡು ಹೆಜ್ಜೆ. ಎಂಟನೇ ಹೆಜ್ಜೆಯಲ್ಲಿ, ಯಾರಿಗೆಲ್ಲ ತೊಂದರೆ ಕೊಟ್ಟಿದ್ದೀಯೋ ಅವರ ಪಟ್ಟಿ ಮಾಡಬೇಕು. ಒಂಬತ್ತರಲ್ಲಿ, ಆಗುವ ಕಡೆಯೆಲ್ಲ ಹೋಗಿ ಸರಿಪಡಿಸಬೇಕು. ಹೋಗುವುದರಿಂದ ಆ ವ್ಯಕ್ತಿಗೆ ಅಥವಾ ಬೇರೆಯವರಿಗೆ ಇನ್ನೂ ನೋವಾಗುತ್ತದೆ ಅಂತಿದ್ದರೆ ಮಾತ್ರ ಹೋಗಬಾರದು. ಈ ಷರತ್ತು ನನಗೆ ಬಹಳ ಹಿಡಿಸಿತು. ತನ್ನ ಎದೆಭಾರ ಇಳಿಸಿಕೊಳ್ಳೋಕೆ ಇನ್ನೊಬ್ಬರ ಮೇಲೆ ಹೇರುವ ಹಾಗಿಲ್ಲ.

ನಮ್ಮವರು ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪಟ್ಟಿ ಬರೆದರು. ಮೊದಲು ಹೋಗಿದ್ದು ಬೀದಿ ಕೊನೆಯ ಕಿರಾಣಿ ಅಂಗಡಿಗೆ. ಸಾಲದ ಪುಸ್ತಕ ತೆಗೆಸಿದರು. ಅಂಗಡಿಯವರು "ಬಿಡಿ ಸಾರ್, ಯಾವತ್ತೋ ಹೊಡೆದು ಹಾಕಿದ್ದೀನಿ" ಅಂದರೂ ಬಿಡಲಿಲ್ಲ, ತಿಂಗಳಿಗಿಷ್ಟು ಅಂತ ಕಟ್ಟಿ ಮುಗಿಸಿದರು. ಅವತ್ತು ಅವರು ಅಳಲಿಲ್ಲ. ನಾನು ಗಮನಿಸಿದ್ದು ಅದನ್ನೇ. ಮುಖ ಬಿಗಿದುಕೊಂಡು, ಯಾವುದೋ ಆಫೀಸಿಗೆ ತೆರಿಗೆ ಕಟ್ಟಲು ಹೊರಟವರ ಹಾಗೆ ಹೋಗಿ ಬಂದರು. ನನ್ನ ಹೆಸರು ಪಟ್ಟಿಯಲ್ಲಿ ಎಷ್ಟನೆಯದು ಅಂತ ಇನ್ನೂ ಹೇಳಿಲ್ಲ, ಅದು ಬೇರೆ ಕಥೆ.

ನಿಮ್ಮ ತಂದೆಯ ಕಥೆಯಲ್ಲಿ ಹೋಗಬೇಕಾದ ಅಂಗಡಿ ಯಾವುದು ಅಂತ ನನಗೆ ಕಾಣುತ್ತಿಲ್ಲ. ಇದ್ದರೆ ನೀವೇ ಹುಡುಕಬೇಕು.

---

ಮಸ್ಕಿ_ಮೇಷ್ಟ್ರು:

ಪಶ್ಚಾತ್ತಾಪ ಅಂದ ಕೂಡಲೇ ಯಾರಾದರೂ ಅಶೋಕನ ಹೆಸರು ತೆಗೆಯುತ್ತಾರೆ, ಈ ಸಲ ನಾನೇ ತೆಗೆದುಬಿಡುತ್ತೇನೆ. ನಮ್ಮ ಊರಿನ ಶಾಸನ 1915ರಲ್ಲಿ ಸಿಕ್ಕಿದ್ದು, ಅದರಲ್ಲಿ ಅಶೋಕ ಅನ್ನುವ ಹೆಸರೇ ಇದೆ ಅನ್ನುವುದಕ್ಕೆ ಹೆಸರುವಾಸಿ. ಅದರಲ್ಲಿ ಕಳಿಂಗ ಯುದ್ಧದ ಮಾತಿಲ್ಲ. ಕಳಿಂಗದ ಮಾತು ಇರುವುದು ಹದಿಮೂರನೇ ಬಂಡೆ ಶಾಸನದಲ್ಲಿ. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಒಂದು ಲಕ್ಷ ಜನ ಸತ್ತರು, ಅದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು, ಇದರಿಂದ ನನಗೆ ದುಃಖವಾಗಿದೆ ಅಂತ ರಾಜನೇ ಹೇಳುತ್ತಾನೆ. ಗೆದ್ದ ರಾಜ ಹೀಗೆ ಕಲ್ಲಿನ ಮೇಲೆ ಬರೆಸಿದ್ದು ಸಣ್ಣ ವಿಷಯ ಅಲ್ಲ.

ಆದರೆ ಪಾಠ ಮಾಡುವಾಗ ನಾವು ಬಿಟ್ಟುಬಿಡುವ ಎರಡು ಸಂಗತಿ ಇವೆ.

ಒಂದು, ಅದೇ ಶಾಸನದಲ್ಲಿ ಕಾಡಿನ ಜನರಿಗೆ ಎಚ್ಚರಿಕೆ ಇದೆ. ಪಶ್ಚಾತ್ತಾಪ ಪಟ್ಟಿದ್ದರೂ ನನ್ನ ಕೈಯಲ್ಲಿ ಬಲ ಇದೆ, ನೆನಪಿರಲಿ ಅನ್ನುವ ಅರ್ಥದ ಮಾತು. ಕಳಿಂಗವನ್ನು ವಾಪಸ್ ಕೊಡುವ ಮಾತಂತೂ ಇಲ್ಲವೇ ಇಲ್ಲ.

ಎರಡನೆಯದು ಇನ್ನೂ ಸ್ವಾರಸ್ಯ. ಈ ಹದಿಮೂರನೇ ಶಾಸನ ಗಿರ್ನಾರದಲ್ಲಿದೆ, ಕಾಲ್ಸಿಯಲ್ಲಿದೆ, ಈಗಿನ ಪಾಕಿಸ್ತಾನದ ಶಹಬಾಜ್‌ಗಢಿಯಲ್ಲಿದೆ. ಕಳಿಂಗದಲ್ಲೇ ಇಲ್ಲ! ಕಳಿಂಗದ, ಅಂದರೆ ಈಗಿನ ಒಡಿಶಾದ, ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ 11, 12, 13 ಬಿಟ್ಟು ಬೇರೆ ಎರಡು ಶಾಸನ ಹಾಕಿಸಿದ್ದಾನೆ. ಅದರಲ್ಲಿ ಅಳು ಇಲ್ಲ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಅನ್ನುತ್ತಾನೆ, ಆಮೇಲೆ ಅಧಿಕಾರಿಗಳಿಗೆ ನೇರ ಆದೇಶ: ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಸಿಟ್ಟು ಸೋಮಾರಿತನ ಬಿಡಿ, ಐದು ವರ್ಷಕ್ಕೊಮ್ಮೆ ತನಿಖೆಗೆ ಆಳು ಕಳಿಸುತ್ತೇನೆ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಸಿಕ್ಕ ಕಲ್ಲಿನಲ್ಲೂ ಇದೇ ಪ್ರತ್ಯೇಕ ಶಾಸನಗಳಿವೆ.

ನೊಂದವರ ಎದುರಿಗೆ ತಪ್ಪೊಪ್ಪಿಕೊಳ್ಳಲು ಹಿಂಜರಿದ ಅಂತ ಕೆಲವರು ಓದುತ್ತಾರೆ. ಇರಬಹುದು. ರಾಜ್ಯ ನಡೆಸುವವನ ಜಾಣತನವೂ ಇರಬಹುದು. ನನಗೆ ಅನ್ನಿಸುವುದು ಬೇರೆ. ಮಗ ಸತ್ತ ಮನೆಗೆ ಹೋಗಿ "ನನಗೆ ಬಹಳ ಬೇಜಾರಾಗಿದೆ" ಅಂತ ಬಂಡೆ ಮೇಲೆ ಬರೆಸಿದರೆ ಅವರಿಗೆ ಏನು ಸಿಕ್ಕ ಹಾಗಾಯಿತು? ನಾಳೆ ಬೆಳಿಗ್ಗೆ ಯಾವ ಅಧಿಕಾರಿಯೂ ಸುಮ್ಸುಮ್ನೆ ಬಂದು ಎಳೆದುಕೊಂಡು ಹೋಗುವುದಿಲ್ಲ ಅಂದರೆ ಸಿಕ್ಕ ಹಾಗಾಯಿತು. ಹಾಸನದ ಅಕ್ಕ ಹೇಳಿದ ಕಿರಾಣಿ ಅಂಗಡಿ ಇದೇ ಜಾತಿಯದು.

---

ಹೊಲದ_ಬದು:

ಎಲ್ಲರೂ ದೊಡ್ಡ ದೊಡ್ಡ ಮಾತು ಹೇಳ್ತಿದ್ದೀರಿ. ಲೆಕ್ಕಪತ್ರ ಅಣ್ಣನಂತೂ ಬಡ್ಡಿ ಹಾಕಿ ತೋರಿಸಿಬಿಟ್ಟರು. ಸ್ವಾಮಿ, ನೀವು ಜಮೀನು ಮಾಡಿದವರ ಹಾಗೆ ಕಾಣಲ್ಲ.

ಆ ಮನುಷ್ಯ ಗೇಟಿನ ಮುಂದೆ ಕಿಟಕಿ ಇಳಿಸಿ ರೇಟ್ ಹೇಳಿದ್ರಾ? ಹುಣಸೆಮರ ಇತ್ತು ಅಂದ್ರು. ಚಕ್ಕುಬಂದಿ ಬಾಯಿಪಾಠ ಇದೆ ಅಂದ್ರೆ ದುಡ್ಡಿಗಾಗಿ ಕೊರಗ್ತಿಲ್ಲ. ಉತ್ತಿದ ನೆಲ ಅದು. ಯಾರಾದರೂ ಸತ್ತರೆ ನೆನೆಸಿಕೊಳ್ಳಲ್ವಾ, ಹಾಗೆ ನೆನೆಸಿಕೊಳ್ತಿದ್ದಾರೆ. ಅದರಿಂದ ಅವರು ಕಲಿಯಬೇಕು, ಬೆಳೆಯಬೇಕು ಅಂತ ಎಪ್ಪತ್ತು ದಾಟಿದವರ ಹಿಂದೆ ಯಾಕೆ ಬಿದ್ದಿದ್ದೀರಿ? ಈಗಿನವರಿಗೆ ಎಲ್ಲದರಲ್ಲೂ ಒಂದು ಬೆಳವಣಿಗೆ ಬೇಕು. ಮುದುಕ ಮರ ನೆನೆಸಿಕೊಂಡರೆ ನೆನೆಸಿಕೊಳ್ಳಲಿ ಬಿಡಿ. ಒಂದು ಸಲ ಕಾರು ನಿಲ್ಲಿಸಿ, ಇಳಿಸಿ, ಮರ ಎಷ್ಟು ದಪ್ಪ ಇತ್ತು ಅಂತ ಕೇಳಿ.

---

ಲೆಕ್ಕಪತ್ರ:

@ಹೊಲದ_ಬದು ಜಮೀನು ಮಾಡಿಲ್ಲ, ಒಪ್ಪಿದೆ. ಆದರೆ ನೆನಪು ಬೇರೆ, "ಮಾರಬಾರ್ದಾಗಿತ್ತು" ಬೇರೆ. ಅವರು ದಿನಾ ಹೇಳುವುದು ಎರಡನೆಯದನ್ನು.

---

ತವರಿನ_ದಾರಿ:

ಇಷ್ಟು ಜನ ಬರೆದಿದ್ದೀರಿ, ಒಬ್ಬರೂ ಅಕ್ಕನ ಬಗ್ಗೆ ಕೇಳಲಿಲ್ಲ.

ನಮ್ಮ ಮನೆಯಲ್ಲೂ ಹೀಗೇ ಒಂದು ಮಾತು ಓಡಾಡುತ್ತಿತ್ತು. ನನ್ನ ಮದುವೆಗೆ ಊರಿನ ಮನೆ ಅಡ ಇಟ್ಟಿದ್ದು, ಅದು ಬಿಡಿಸಿಕೊಳ್ಳಲಾಗಲಿಲ್ಲ ಅಂತ. ಯಾರೂ ನನ್ನನ್ನು ಬೈದವರಲ್ಲ. ಆದರೆ ಹಬ್ಬಕ್ಕೆ ಹೋದಾಗ ಯಾರಾದರೂ "ಆ ಮನೆ ಇರಬೇಕಿತ್ತು" ಅಂದರೆ ತಟ್ಟೆಯ ಮುಂದೆ ಕೂತ ನನಗೆ ಹೇಗೆ ಕೇಳಿಸುತ್ತದೆ? ನೀನು ಇಷ್ಟು ದುಬಾರಿ ಬಿದ್ದೆ ಅಂತ ಕೇಳಿಸುತ್ತದೆ. ನಿಮ್ಮಪ್ಪ "ಮಾರಬಾರ್ದಾಗಿತ್ತು" ಅಂದಾಗೆಲ್ಲ ನಿಮ್ಮಕ್ಕ ಏನು ಕೇಳಿಸಿಕೊಳ್ಳುತ್ತಿರಬಹುದು ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀರಾ?

ಇನ್ನೊಂದು ವಿಷಯ, ಕೋಪ ಮಾಡಿಕೊಳ್ಳಬೇಡಿ ತಮ್ಮ. ಆ ಜಮೀನು ಪಿತ್ರಾರ್ಜಿತವಾ? ಆಗಿದ್ದರೆ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಅಷ್ಟೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಹಾಗೇ ಪಾಲು ಇತ್ತು. ಕೇಂದ್ರದ ತಿದ್ದುಪಡಿ ಬಂದಿದ್ದು 2005ರಲ್ಲಿ, ನಮ್ಮಲ್ಲಿ ಮೊದಲೇ ಇತ್ತು. ನಿಮ್ಮಕ್ಕನ ಮದುವೆ ಆಗಿದ್ದು 1998ರಲ್ಲಿ. ಅಂದರೆ ಮಾರಿಹೋದದ್ದರಲ್ಲಿ ಅವಳ ಪಾಲೂ ಇತ್ತು. ಅದರಲ್ಲಿ ಸಾಲವೂ ತೀರಿತು, ನಿಮ್ಮ ಡಿಪ್ಲೊಮಾನೂ ಆಯ್ತು. ಆದರೆ ಮನೆಯಲ್ಲಿ ಅದು "ಅಕ್ಕನ ಮದುವೆಗೆ ಹೋದ ಜಮೀನು" ಆಗಿ ಉಳಿದಿದೆ. ನೀವೇ ಬರೆದಿದ್ದೀರಿ ನೋಡಿ, ಮದುವೆ ಎಲ್ಲಕ್ಕಿಂತ ಮೊದಲು, ಫೀಸಿನದು ಕೊನೆಯಲ್ಲಿ "ಮಿಕ್ಕಿದ್ದರಲ್ಲಿ".

ಹಾಸನದವರು ಹೋಗಬೇಕಾದ ಅಂಗಡಿ ಕಾಣುತ್ತಿಲ್ಲ ಅಂದರು. ನನಗೆ ಕಾಣುತ್ತಿದೆ.

---

ಹಾಸನದ_ಗೃಹಿಣಿ:

ಅಯ್ಯೋ, ಇದು ನನಗೆ ಹೊಳೆಯಲೇ ಇಲ್ಲ ನೋಡಿ.

---

ಬಯಲುಸೀಮೆ_ಹುಡುಗ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ತವರಿನ ದಾರಿ ಅಕ್ಕ, ನಿಮ್ಮದು ಓದಿ ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಜಮೀನು ತಾತನಿಂದ ಬಂದಿದ್ದೇ.

ಅಕ್ಕನಿಗೆ ಫೋನ್ ಮಾಡಿದೆ. ಏನು ಕೇಳಬೇಕು ಅಂತ ತಿಳಿಯದೆ ನೇರವಾಗಿ ಕೇಳಿಬಿಟ್ಟೆ, ಅಪ್ಪ ಜಮೀನಿನ ಮಾತು ತೆಗೆದಾಗ ನಿನಗೆ ಬೇಜಾರಾಗುತ್ತಾ ಅಂತ. ನಕ್ಕಳು. "ಇಷ್ಟು ವರ್ಷಕ್ಕೆ ಕೇಳಿದೆಯಲ್ಲೋ" ಅಂದಳು. ಆಮೇಲೆ ಹೇಳಿದಳು, ಹಬ್ಬಕ್ಕೆ ಬಂದರೂ ರಾತ್ರಿ ಉಳಿಯದೆ ಹೊರಡುವುದು ಅದಕ್ಕೇ, ಊಟ ಆದ ಮೇಲೆ ಟ್ರಂಕ್ ತೆಗೆಯುತ್ತಾರೆ ಅಂತ. ಭಾವನಿಗೆ ಡ್ಯೂಟಿ ಇದೆ ಅನ್ನೋದೆಲ್ಲ ನೆಪವಂತೆ. ನಾವು ಅದನ್ನೇ ನಂಬಿಕೊಂಡಿದ್ದೆವು. ಅವಳಿಗೆ ಪಾಲು ಗೀಲು ಏನೂ ಬೇಡವಂತೆ. "ಆ ಪಹಣಿ ನನ್ನ ಮುಂದೆ ಬಿಚ್ಚಬೇಡಿ, ಅಷ್ಟು ಸಾಕು" ಅಂದಳು.

ಅಪ್ಪನಿಗೆ ಹೇಳಿದೆ. ರೇಗಿದರು. "ನಾನು ಅವಳನ್ನ ಅಂದಿದ್ನಾ? ಯಾವತ್ತಾದ್ರೂ ಒಂದ್ ಮಾತು ಅಂದಿದ್ನಾ?" ಅಂತ ಮನೆಯೆಲ್ಲ ಕೇಳುವ ಹಾಗೆ ಕೂಗಿದರು. ಅಮ್ಮ ಅಡುಗೆಮನೆಯಿಂದಲೇ "ಅನ್ನದೇ ಇದ್ರೇನು, ಗೊತ್ತಾಗಲ್ವಾ" ಅಂದರು. ಅಮ್ಮ ಇದರ ಬಗ್ಗೆ ಬಾಯಿ ಬಿಟ್ಟಿದ್ದು ನಾನು ಕೇಳಿದ್ದು ಇದೇ ಮೊದಲು. ಮಾರನೇ ದಿನ ಅಪ್ಪ ತಾವೇ ಅಕ್ಕನಿಗೆ ಫೋನ್ ಮಾಡಿದರು. ಮಾವಿನಕಾಯಿ ಉಪ್ಪಿನಕಾಯಿ ಹಾಕಿದೀರಾ, ಮೊಮ್ಮಗನ ಪರೀಕ್ಷೆ ಯಾವಾಗ, ಇಷ್ಟೇ. ಕ್ಷಮೆ ಗಿಮೆ ಏನಿಲ್ಲ. ಕೊರಗು ಹೋಗಿದೆ ಅಂತಲೂ ಅಲ್ಲ, ನಿನ್ನೆ ಪಕ್ಕದ ಮನೆಯವರ ಹತ್ತಿರ ಮತ್ತೆ ಅದೇ ಮಾತು. ಅಕ್ಕ ಇದ್ದಾಗ ತಡೆಯುತ್ತಾರಾ ಅನ್ನೋದು ಈ ಹಬ್ಬಕ್ಕೆ ಗೊತ್ತಾಗಬೇಕು.

ಹೊಲದ ಬದು ಅಣ್ಣ, ಕಾರು ನಿಲ್ಲಿಸುತ್ತೇನೆ. ಸೆಕ್ಯುರಿಟಿಯವನು ಬೈದರೆ ನಿಮ್ಮ ಹೆಸರು ಹೇಳುತ್ತೇನೆ.

---

ಓದುಗೀತೆ:

ಒಂದೇ ಫೋನಿಗೆ ಇಷ್ಟಾಗಿದ್ದು ಜಾಸ್ತಿಯೇ. ಮತ್ತೆ ಅದೇ ಮಾತು ತೆಗೆದರು ಅಂತ ಬೇಜಾರು ಮಾಡಿಕೊಳ್ಳಬೇಡಿ. ಅಕ್ಕನ ಎದುರು ತಡೆದರೆ ಸಾಕು, ಪಕ್ಕದ ಮನೆಯವರು ತಡೆದುಕೊಳ್ಳುತ್ತಾರೆ.

---

ಲೆಕ್ಕಪತ್ರ:

ಎಲ್ಲ ಸರಿ, ಫ್ಲ್ಯಾಟಿನ ವಿಷಯ ಎಲ್ಲರೂ ಮರೆತೇಬಿಟ್ಟರು. ನಿಮ್ಮ ಹೆಂಡತಿ ಇದನ್ನು ಓದುತ್ತಿದ್ದರೆ ನನಗೂ ಸೇರಿಸಿ ಬೈಯುತ್ತಾರೆ. ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದ್ದೀರಾ? ಓ.ಸಿ. (ಕಟ್ಟಡದಲ್ಲಿ ವಾಸಕ್ಕೆ ಕೊಡುವ ಪ್ರಮಾಣಪತ್ರ) ಬಂದಿದೆಯಾ? ಖಾತಾ ಎ ನಾ (ಎಲ್ಲ ಸರಿಯಿರುವುದು), ಬಿ ನಾ (ಅನುಮತಿಯಲ್ಲಿ ಕೊರತೆ ಇರುವುದು)? ಮೊದಲು ಅದನ್ನು ಹೇಳಿ, ಭಯದ ವಿಷಯ ಆಮೇಲೆ ನೋಡೋಣ.